ನೀರುಗಂಟಿಯ ತಪ್ಪೋ, ಕಾಲುವೆಯ ತಪ್ಪೋ?

ಹೂವಿನಹಡಗಲಿಯ ಮಲ್ಲಿಗೆಗೆ ಕಾಯುವ ವ್ಯವಧಾನವಿಲ್ಲ. ಮೊಗ್ಗಾಗಿ ಬಿಡಿಸಿದ್ದು ಅರಳಿ ಬಾಡುವ ಮೊದಲೇ ಪೇಟೆ ಸೇರಬೇಕು. ಕೊಟ್ಟೂರು, ಕೂಡ್ಲಿಗಿ ಕಡೆಯ ಈರುಳ್ಳಿಗೆ, ಹರಪನಹಳ್ಳಿಯ ಮೆಕ್ಕೆಜೋಳಕ್ಕೆ, ಹಗರಿಬೊಮ್ಮನಹಳ್ಳಿ ಸುತ್ತಿನ ತರಕಾರಿಗೆ ಮಲ್ಲಿಗೆಯಷ್ಟು ಅವಸರವಿಲ್ಲದಿರಬಹುದು. ಆದರೆ ಇಂದಿನ ದರ ನಾಳೆಯವರೆಗೆ ಕಾಯುತ್ತದೆಂಬ ಭರವಸೆ ಯಾರಿಗೂ ಇಲ್ಲ. ಹೊಸಪೇಟೆಯೊಂದನ್ನು ಬಿಟ್ಟರೆ ವಿಜಯನಗರ ಜಿಲ್ಲೆಯ ಉಳಿದ ಐದು ತಾಲ್ಲೂಕುಗಳೂ ಇವೇ. ಇಲ್ಲಿನ ಹಳ್ಳಿಗಳಿಂದ ಪೇಟೆಗೆ ಸರಕು ಹೊರುವ ಕೆಲಸದಲ್ಲಿ ಪಿಕಪ್ ಗಾಡಿಗಳ ಪಾಲು ದೊಡ್ಡದು. ಹತ್ತು ಹನ್ನೆರಡು ವರ್ಷ ಓಡಿದ ಗಾಡಿಯನ್ನು ಸಾಲ ಮಾಡಿ ಕೊಂಡು, ಅದರ ಬಾಡಿಗೆಯಲ್ಲೇ ಕಂತು ಕಟ್ಟಿ, ಮಕ್ಕಳ ಶಾಲೆ ಕಾಲೇಜಿನ ಫೀಸು ತುಂಬುವ ಸಂಸಾರಗಳು ಎಷ್ಟೋ ಇವೆ. ಅಂಥ ಮನೆಯಲ್ಲಿ ಗಾಡಿ ಒಂದು ದಿನ ನಿಂತರೆ ದುಡಿಮೆಯೂ ನಿಂತಂತೆ.

ಇಂಥದೊಂದು ಹಳೆಯ ಪಿಕಪ್ ರಾತ್ರಿ ಹೊತ್ತು ಕೂಡ್ಲಿಗಿಯ ಬಳಿ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಗಿದೆ ಎಂದುಕೊಳ್ಳಿ. ಬಲಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಮಂಕಾಗುತ್ತದೆ. ಮಳೆ ಇಲ್ಲದಿದ್ದರೂ ವೈಪರ್ ತನ್ನಷ್ಟಕ್ಕೆ ಒಮ್ಮೆ ಆಡಿ ನಿಲ್ಲುತ್ತದೆ. ಚಕ್ರ ಗುಂಡಿಗೆ ಬಿದ್ದೊಡನೆ ಹೆಡ್‌ಲೈಟು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಬ್ಯಾಟರಿ ಸತ್ತಿದೆ! ಗ್ಯಾರೇಜಿನಲ್ಲಿ ಒಂದೇ ಮಾತಿನ ತೀರ್ಪು: "ಬಿಸಿಎಂ ಹೋಗಿದೆ, ಬದಲಿಸಬೇಕು." ಹಲವು ಸಾವಿರ ರೂಪಾಯಿಯ ಮಾತು. ಬದಲಿಸಿದ ಮೇಲೂ ಅದೇ ತೊಂದರೆ ಮುಂದುವರಿದರೆ? ಹಾಗಾಗುವುದು ಅಪರೂಪವಲ್ಲ. ಏಕೆಂದರೆ ಗಾಡಿ ತೋರಿಸಿದ ಈ ಎಲ್ಲ ಲಕ್ಷಣಗಳಿಗೆ ಬಿಸಿಎಂ ಒಂದೇ ಕಾರಣವಾಗಬೇಕಿಲ್ಲ. ತುಕ್ಕು ಹಿಡಿದ ಒಂದು ಬೋಲ್ಟು ಕೂಡ ಕಾರಣವಾಗಬಹುದು. ಎರಡರಲ್ಲಿ ಯಾವುದು ಎಂದು ತಿಳಿಯುವ ಉಪಾಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ.

ಏನಿದು ಬಿಸಿಎಂ?

ಬಿಸಿಎಂ ಎಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಹಿಂದೆ ಅಥವಾ ಚಾಲಕನ ಕಾಲ ಬಳಿ ಅಡಗಿರುವ, ಒಂದು ಪುಸ್ತಕದ ಗಾತ್ರದ ಪ್ಲಾಸ್ಟಿಕ್ ಪೆಟ್ಟಿಗೆ. ಎಂಜಿನ್ನಿಗೂ ಇದಕ್ಕೂ ನೇರ ಸಂಬಂಧ ಕಡಿಮೆ. ಎಂಜಿನ್ನಿಗೆ ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ ಎಂದು ಲೆಕ್ಕ ಹಾಕುವುದು ಇಸಿಯು ಎಂಬ ಬೇರೊಂದು ಪೆಟ್ಟಿಗೆ. ಬಿಸಿಎಂ ನೋಡಿಕೊಳ್ಳುವುದು ದೀಪ, ಇಂಡಿಕೇಟರ್, ವೈಪರ್, ಹಾರನ್, ಬಾಗಿಲ ಲಾಕ್, ಕ್ಯಾಬಿನ್ ಬೆಳಕು ಮುಂತಾದ 'ಮೈ' ಕೆಲಸಗಳನ್ನು. ಕೆಲವು ವಾಹನಗಳಲ್ಲಿ ಕೀಲಿಯ ಗುರುತು ಹಿಡಿದು ಗಾಡಿ ಚಾಲೂ ಆಗಲು ಅನುಮತಿ ಕೊಡುವ ಕಳ್ಳಗಾವಲೂ ಇದರ ಪಾಲಿಗೇ ಬಂದಿರುತ್ತದೆ. ಬಹಳ ಹಳೆಯ ಮಾದರಿಗಳಲ್ಲಿ ಈ ಪೆಟ್ಟಿಗೆಯೇ ಇರುವುದಿಲ್ಲ. ಅಲ್ಲಿ ಬರೀ ಫ್ಯೂಸು, ರಿಲೇ, ಇಂಡಿಕೇಟರಿನ ಫ್ಲ್ಯಾಷರ್ ಇರುತ್ತವೆ. ಆದ್ದರಿಂದ ನಮ್ಮ ಗಾಡಿಯಲ್ಲಿ ಬಿಸಿಎಂ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಇದರ ಕೆಲಸವನ್ನು ಕೆರೆಯ ಕೆಳಗಿನ ಊರುಗಳವರು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲರು. ಕೆರೆಯಲ್ಲಿ ನೀರಿದೆ. ರೈತ ತನಗೆ ನೀರು ಬೇಕೆಂದು ನೀರುಗಂಟಿಗೆ ಹೇಳುತ್ತಾನೆ. ನೀರುಗಂಟಿ ತೂಬು ಎತ್ತುತ್ತಾನೆ. ನೀರು ಕಾಲುವೆಯಲ್ಲಿ ಹರಿದು ಗದ್ದೆ ಸೇರುತ್ತದೆ. ನೀರುಗಂಟಿ ನೀರನ್ನು ಹುಟ್ಟಿಸುವುದಿಲ್ಲ. ಯಾರಿಗೆ, ಯಾವಾಗ, ಎಷ್ಟು ಹೊತ್ತು ಎಂದು ನೋಡಿ ಬಿಡುತ್ತಾನೆ, ಅಷ್ಟೆ. ಗಾಡಿಯಲ್ಲಿ ಬ್ಯಾಟರಿ ಮತ್ತು ಡೈನಮೋ ಸೇರಿ ಕೆರೆ, ಬಿಸಿಎಂ ನೀರುಗಂಟಿ, ರಿಲೇ ತೂಬು, ವೈರು ಕಾಲುವೆ, ದೀಪ ಗದ್ದೆ. ಚಾಲಕ ಒತ್ತುವ ಸ್ವಿಚ್ಚು ರೈತನ ಕೂಗು. ಹಳೆಯ ಗಾಡಿಗಳಲ್ಲಿ ದೀಪಕ್ಕೆ ಹೋಗುವ ಪ್ರವಾಹವೆಲ್ಲ ಸ್ವಿಚ್ಚಿನ ಮೂಲಕವೇ ಹರಿಯುತ್ತಿತ್ತು. ಈಗ ಸ್ವಿಚ್ಚು ಬರೀ ಸಂಕೇತ ಕೊಡುತ್ತದೆ. ದೊಡ್ಡ ಪ್ರವಾಹವನ್ನು ಬಿಡುವುದು ಬಿಸಿಎಂ ಅಥವಾ ಅದು ಆಳುವ ರಿಲೇ.

ಈ ಹೋಲಿಕೆಗೆ ಒಂದು ಮಿತಿ ಇದೆ. ಗದ್ದೆಗೆ ಹೋದ ನೀರು ಕೆರೆಗೆ ಮರಳಬೇಕಿಲ್ಲ. ವಿದ್ಯುತ್ ಪ್ರವಾಹ ಮಾತ್ರ ಬ್ಯಾಟರಿಗೆ ಮರಳಲೇಬೇಕು. ಇಲ್ಲದಿದ್ದರೆ ವಿದ್ಯುನ್ಮಂಡಲ ಪೂರ್ಣವಾಗದು. ವಾಹನಗಳಲ್ಲಿ ಈ ಮರಳುವ ದಾರಿಗೆ ಪ್ರತಿ ದೀಪದಿಂದ ಬ್ಯಾಟರಿಯವರೆಗೆ ಬೇರೆ ವೈರು ಎಳೆಯುವುದಿಲ್ಲ. ಗಾಡಿಯ ಕಬ್ಬಿಣದ ಮೈಯೇ ಮರಳುವ ದಾರಿ. ಇದನ್ನೇ ಮೆಕ್ಯಾನಿಕ್‌ಗಳು 'ಬಾಡಿ ಅರ್ಥ್' ಎನ್ನುವುದು. ವೈರನ್ನು ಮೈಗೆ ಬಿಗಿದ ಆ ಬೋಲ್ಟಿನ ಜಾಗವೇ ಹಳೆಯ ಪಿಕಪ್‌ನ ಅತ್ಯಂತ ದುರ್ಬಲ ಜಾಗ. ಮಣ್ಣು ರಸ್ತೆಯ ಧೂಳು, ಮಳೆಗಾಲದ ಕೆಸರು, ಗಾಡಿ ತೊಳೆದ ನೀರು ಎಲ್ಲವೂ ಅಲ್ಲೇ ಸೇರಿ ತುಕ್ಕಾಗುತ್ತದೆ.

ವೈರಿನ ಹೊರೆ ಇಳಿಸಿದ ಎರಡು ಎಳೆ

ಇಂಥ ಪೆಟ್ಟಿಗೆಯ ಅಗತ್ಯವಾದರೂ ಏಕೆ ಬಂತು? ವಾಹನಗಳಲ್ಲಿ ವಿದ್ಯುತ್ ಸಾಧನಗಳು ಹೆಚ್ಚಿದಂತೆ ಒಂದೊಂದಕ್ಕೂ ಬೇರೆ ವೈರು ಎಳೆದು ವೈರಿನ ಕಟ್ಟು ತೋಳಿನ ಗಾತ್ರಕ್ಕೆ ಬೆಳೆಯತೊಡಗಿತು. ತೂಕ ಹೆಚ್ಚಿತು, ಖರ್ಚು ಹೆಚ್ಚಿತು, ಕೆಟ್ಟರೆ ಹುಡುಕುವುದು ಕಷ್ಟವಾಯಿತು. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಇದಕ್ಕೊಂದು ಪರಿಹಾರವನ್ನು ಲೋಕದ ಮುಂದಿಟ್ಟಿತು. ಅದರ ಹೆಸರು 'ಕ್ಯಾನ್'. ಒಂದಕ್ಕೊಂದು ಹೊಸೆದ ಎರಡೇ ವೈರಿನ ಮೇಲೆ ಹಲವು ಪೆಟ್ಟಿಗೆಗಳು ಸರದಿಯಂತೆ ಮಾತನಾಡಿಕೊಳ್ಳುವ ವ್ಯವಸ್ಥೆ ಅದು. ಕನ್ನಡಿಗರಿಗೆ ಈ ಕಂಪನಿ ಹೊಸದಲ್ಲ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ 'ಮೈಕೋ' ಕಾರ್ಖಾನೆ ಇದೇ ಬಳಗದ್ದು. 2008ರಲ್ಲಿ ಅದರ ಹೆಸರು ಬಾಷ್ ಎಂದೇ ಬದಲಾಯಿತು.

ಈ ಎರಡು ಎಳೆಗಳಲ್ಲಿ ವಿದ್ಯಾರ್ಥಿಗಳಿಗೆ ಒಂದು ಸೊಗಸಾದ ಲೆಕ್ಕ ಅಡಗಿದೆ. ಕ್ಯಾನ್ ತಂತಿಯ ಎರಡು ತುದಿಗಳಲ್ಲಿ ತಲಾ 120 ಓಮ್ ರೋಧಕ ಇರುತ್ತದೆ. ಅವು ಸಮಾಂತರ ಜೋಡಣೆಯಲ್ಲಿವೆ. ಪಾಠದಲ್ಲಿ ಕಲಿತ ಸೂತ್ರದಂತೆ 1/120 ಮತ್ತು 1/120 ಕೂಡಿಸಿದರೆ 1/60. ಅಂದರೆ ಒಟ್ಟು ರೋಧ 60 ಓಮ್. ಬ್ಯಾಟರಿ ಬಿಚ್ಚಿಟ್ಟು ಈ ಎರಡು ಎಳೆಗಳ ನಡುವೆ ಅಳೆದಾಗ 60ರ ಹತ್ತಿರ ಬಂದರೆ ದಾರಿ ಸರಿಯಾಗಿದೆ. 120 ಬಂದರೆ ಒಂದು ತುದಿ ಎಲ್ಲೋ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ಎಳೆ ಒಂದಕ್ಕೊಂದು ತಾಗಿವೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುವ ಸೂತ್ರವೊಂದು ಗಾಡಿಯನ್ನು ಬಿಚ್ಚದೆಯೇ ಅದರ ಒಳಗಿನ ಸ್ಥಿತಿಯನ್ನು ಹೇಳಿಬಿಡುತ್ತದೆ.

ಕೋಡ್ ಎಂಬುದು ದೂರು, ತೀರ್ಪಲ್ಲ

ಗದ್ದೆಗೆ ನೀರು ಬರಲಿಲ್ಲವೆಂದು ನೀರುಗಂಟಿಯನ್ನೇ ಬದಲಿಸಿದರೆ ಆಗುತ್ತದೆಯೆ? ಕೆರೆಯಲ್ಲಿ ನೀರಿದೆಯೇ ನೋಡಬೇಕು. ಕಾಲುವೆಯಲ್ಲಿ ಹೂಳು ತುಂಬಿದೆಯೇ, ಯಾರಾದರೂ ನಡುವೆ ಒಡೆದುಕೊಂಡಿದ್ದಾರೆಯೇ ನೋಡಬೇಕು. ಕೊನೆಗೆ ನೀರುಗಂಟಿಯನ್ನು ಕೇಳಬೇಕು. ಗಾಡಿಯ ತಪಾಸಣೆಯೂ ಇದೇ ಕ್ರಮದಲ್ಲಿ ನಡೆಯಬೇಕು.

ಮೊದಲು ಕೆರೆ. ರಾತ್ರಿಯೆಲ್ಲ ನಿಂತ ಗಾಡಿಯ ಆರೋಗ್ಯವಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ ಎಂದು ತಿಳಿಯಬಹುದು. ಎಂಜಿನ್ ಓಡುವಾಗ 13.8ರಿಂದ 14.5ರವರೆಗೆ ಇರಬೇಕು. ಇಲ್ಲದಿದ್ದರೆ ಡೈನಮೋ ಕಡೆ ನೋಡಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗೆ ಇಳಿದರೆ ಬಿಸಿಎಂಗೆ ಅರೆಜ್ಞಾನದ ಸ್ಥಿತಿ. ಅದು ತಪ್ಪು ತಪ್ಪಾಗಿ ವರ್ತಿಸುತ್ತದೆ. ವೈಪರ್ ತಾನಾಗಿ ಆಡುವುದು, ಲಾಕು ಬಡಿದುಕೊಳ್ಳುವುದು ಆಗಲೇ. ಇಲ್ಲಿ ಮುಪ್ಪಾಗಿರುವುದು ಬ್ಯಾಟರಿ, ಬೈಗುಳ ತಿನ್ನುವುದು ಬಿಸಿಎಂ!

ಎರಡನೆಯದು ಫ್ಯೂಸು, ರಿಲೇ, ಕನೆಕ್ಟರು. ಒಂದೇ ಬಗೆಯ ಎರಡು ರಿಲೇಗಳಿದ್ದರೆ ಅದಲುಬದಲು ಮಾಡಿ ನೋಡುವುದು ಅತಿ ಸುಲಭದ ಪರೀಕ್ಷೆ. ಹಾರನ್ನಿನ ರಿಲೇ ಹಾಕಿದಾಗ ದೀಪ ಹೊತ್ತಿದರೆ ತಪ್ಪಿತಸ್ಥ ಸಿಕ್ಕಂತೆ. ಕನೆಕ್ಟರಿನ ಪಿನ್ನಿನ ಮೇಲೆ ಹಸಿರು ಪುಡಿ ಕಂಡರೆ ಅದು ತಾಮ್ರ ತುಕ್ಕಾದ ಗುರುತು, ನೀರು ಒಳಗೆ ಬಂದಿದೆ ಎಂದರ್ಥ. ವೈರಿನ ಮೇಲೆ ಹಲ್ಲಿನ ಗುರುತಿದ್ದರೆ ಇಲಿ. ಕಾಳುಕಡಿ ಇಟ್ಟ ಕಣದ ಬದಿಗೋ ಗೋದಾಮಿನ ಪಕ್ಕಕ್ಕೋ ಗಾಡಿ ನಿಲ್ಲಿಸುವವರು ಇದನ್ನು ಮರೆಯುವಂತಿಲ್ಲ.

ಸ್ಕ್ಯಾನರ್ ಹಾಕಿದರೆ ಒಂದು ಸಂಕೇತ ಬರುತ್ತದೆ. ಮೊದಲ ಅಕ್ಷರ 'ಪಿ' ಆದರೆ ಎಂಜಿನ್ ಮತ್ತು ಗೇರಿನ ಕಡೆಯದು, 'ಬಿ' ಆದರೆ ಬಾಡಿ, 'ಸಿ' ಆದರೆ ಚಾಸಿ, 'ಯು' ಆದರೆ ಪೆಟ್ಟಿಗೆಗಳ ನಡುವಿನ ಮಾತುಕತೆ ಕಡಿದಿದೆ. ಆದರೆ ಈ ಕೋಡ್ ಬರೀ ದೂರು. "ಎಡ ದೀಪದ ಮಂಡಲದಲ್ಲಿ ಪ್ರವಾಹ ಸರಿಯಿಲ್ಲ" ಎಂದಷ್ಟೇ ಅದು ಹೇಳಬಲ್ಲದು. ಬಲ್ಬು ಸುಟ್ಟಿದೆಯೋ, ವೈರು ಕಡಿದಿದೆಯೋ, ಬೋಲ್ಟು ತುಕ್ಕಾಗಿದೆಯೋ ಎಂಬುದನ್ನು ಮನುಷ್ಯನೇ ಅಳೆದು ತಿಳಿಯಬೇಕು.

ಓಮ್ ಮೇಷ್ಟ್ರ ಪಾಠ

ಅಳೆಯಲು ಬೇಕಾದದ್ದು ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಮತ್ತು ಓಮನ ನಿಯಮ. 1827ರಲ್ಲಿ ಈ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ ಜಾರ್ಜ್ ಸೈಮನ್ ಓಮ್ ಜರ್ಮನಿಯ ಒಬ್ಬ ಶಾಲಾ ಶಿಕ್ಷಕ. ಆತನ ತಂದೆ ಬೀಗ ಮಾಡುವ ಕಸಬುದಾರ. ವಿಭವಾಂತರವು ಪ್ರವಾಹ ಮತ್ತು ರೋಧಗಳ ಗುಣಲಬ್ಧ ಎಂಬ ಆ ಪುಟ್ಟ ಸಾಲನ್ನು ಪಿಕಪ್‌ಗೆ ಅನ್ವಯಿಸಿ ನೋಡೋಣ.

ಹೆಡ್‌ಲೈಟಿನ ಒಂದು ಬಲ್ಬು 55 ವಾಟ್. 12 ವೋಲ್ಟಿನಲ್ಲಿ ಅದರ ಮೂಲಕ ಹರಿಯುವ ಪ್ರವಾಹ 55 ಭಾಗಿಸು 12, ಅಂದರೆ ಸುಮಾರು 4.6 ಆಂಪಿಯರ್. ಉರಿಯುವಾಗ ಅದರ ರೋಧ 12 ಭಾಗಿಸು 4.6, ಸುಮಾರು 2.6 ಓಮ್. ಈಗ ಅರ್ಥ್ ಬೋಲ್ಟು ತುಕ್ಕಾಗಿ ಬರೀ ಅರ್ಧ ಓಮ್ ರೋಧ ಸೇರಿತೆನ್ನಿ. ಅದು ಬಲ್ಬಿನೊಡನೆ ಸರಣಿಯಲ್ಲಿದೆ. ಒಟ್ಟು ರೋಧ 3.1 ಓಮ್, ಪ್ರವಾಹ ಸುಮಾರು 3.9 ಆಂಪಿಯರ್. ಬಲ್ಬಿಗೆ ದಕ್ಕುವುದು 3.9 ಗುಣಿಸು 2.6, ಸುಮಾರು 10.1 ವೋಲ್ಟ್. ಸಾಮರ್ಥ್ಯ 55 ವಾಟಿನಿಂದ ಸುಮಾರು 39ಕ್ಕೆ ಇಳಿಯಿತು. ಬಿಸಿ ತಗ್ಗಿದಂತೆ ತಂತುವಿನ ರೋಧವೂ ಬದಲಾಗುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಆದರೆ ತಂತು ತಣ್ಣಗಾದರೆ ಬೆಳಕು ಸಾಮರ್ಥ್ಯಕ್ಕಿಂತಲೂ ವೇಗವಾಗಿ ಕುಸಿಯುತ್ತದೆ. ಕತ್ತಲೆಯ ರಸ್ತೆಯಲ್ಲಿ, ದೀಪವಿಲ್ಲದ ಎತ್ತಿನ ಗಾಡಿಯೋ ನಡೆದು ಬರುವ ಜನರೋ ಎದುರಾದಾಗ, ಈ ಅರ್ಧ ಓಮಿನ ಬೆಲೆ ತಿಳಿಯುತ್ತದೆ.

ಉಳಿದ 1.9 ವೋಲ್ಟ್ ಎಲ್ಲಿ ಹೋಯಿತು? ಆ ಬೋಲ್ಟಿನಲ್ಲೇ ಶಾಖವಾಗಿ ವ್ಯಯವಾಯಿತು. ಅದನ್ನು ಹಿಡಿಯುವುದು ಹೀಗೆ: ದೀಪ ಉರಿಯುತ್ತಿರುವಾಗಲೇ ಮೀಟರಿನ ಕಪ್ಪು ತುದಿಯನ್ನು ಬ್ಯಾಟರಿಯ ಮೈನಸ್‌ಗೂ ಕೆಂಪು ತುದಿಯನ್ನು ದೀಪದ ಅರ್ಥ್ ವೈರಿಗೂ ಮುಟ್ಟಿಸಬೇಕು. ದಾರಿ ಸ್ವಚ್ಛವಾಗಿದ್ದರೆ 0.1 ಅಥವಾ 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಒಂದು, ಎರಡು ವೋಲ್ಟ್ ಬಂತೋ, ಕಳ್ಳ ಸಿಕ್ಕಿದ. ಬೋಲ್ಟು ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಹೊಳೆಯುವ ಲೋಹಕ್ಕೆ ಬಿಗಿದು, ಮೇಲೆ ಗ್ರೀಸು ಹಚ್ಚಿದರೆ ಎಷ್ಟೋ ಸಲ ಚಿಕಿತ್ಸೆ ಅಲ್ಲಿಗೇ ಮುಗಿಯುತ್ತದೆ. ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪ ಮಂಕಾಗುತ್ತಿದ್ದುದೂ ಇದೇ ಕಾರಣಕ್ಕೆ ಇರಬಹುದು. ತನ್ನ ಮರಳುವ ದಾರಿ ಕಟ್ಟಿಹೋದ ಪ್ರವಾಹ ಪಕ್ಕದ ದೀಪದ ಮೂಲಕ ಅಡ್ಡದಾರಿ ಹಿಡಿದಿರುತ್ತದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ದೀಪ ಆರಿಸಿ ಅಳೆದರೆ ಮೀಟರ್ ಏನೂ ತೋರಿಸುವುದಿಲ್ಲ. ಪ್ರವಾಹ ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆಯಲ್ಲವೆ? ಹಾಗೆಯೇ ಹತ್ತಾರು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ, ಮೀಟರಿನ ಓಮ್ ಪರೀಕ್ಷೆಯಲ್ಲಿ ಅದು ಚೆನ್ನಾಗಿದೆಯೆಂದೇ ತೋರುತ್ತದೆ. ಆ ಪರೀಕ್ಷೆಯಲ್ಲಿ ಮೀಟರ್ ಕಳಿಸುವುದು ಅತ್ಯಲ್ಪ ಪ್ರವಾಹ. ಒಂದು ಬಿಂದಿಗೆ ಹೊತ್ತವನನ್ನು ಕಂಡು ಈತ ನೂರು ಕಿಲೋ ಚೀಲ ಹೊರಬಲ್ಲ ಎಂದಂತೆ ಅದು. ಹೊರೆ ಹೊರಿಸಿಯೇ ಪರೀಕ್ಷಿಸಬೇಕು.

ರಾತ್ರೋರಾತ್ರಿ ಬ್ಯಾಟರಿ ಇಳಿಯುವ ಕಾಯಿಲೆಗೂ ಲೆಕ್ಕವೇ ಮದ್ದು. ಗಾಡಿ ಆರಿಸಿ ಲಾಕ್ ಮಾಡಿ, ಪೆಟ್ಟಿಗೆಗಳೆಲ್ಲ ನಿದ್ದೆಗೆ ಹೋಗಲು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಬಿಟ್ಟು ಅಳೆದಾಗ, ಹರಿಯುವ ಪ್ರವಾಹ ಸಾಮಾನ್ಯವಾಗಿ 0.05 ಆಂಪಿಯರ್ ಮೀರಬಾರದು. 60 ಆಂಪಿಯರ್-ಗಂಟೆಯ ಬ್ಯಾಟರಿ ಆ ದರದಲ್ಲಿ 1200 ಗಂಟೆ, ಅಂದರೆ 50 ದಿನ ಬಂದೀತು. ಅದೇ ಸೋರಿಕೆ ಅರ್ಧ ಆಂಪಿಯರ್ ಆದರೆ 5 ದಿನಕ್ಕೇ ಬರಿದು. ಎರಡೂವರೆ ದಿನದಲ್ಲಿ ಅರ್ಧ ಖಾಲಿ. ಒಂದೊಂದೇ ಫ್ಯೂಸ್ ಕಿತ್ತು ನೋಡಿದರೆ, ಯಾವುದನ್ನು ಕಿತ್ತಾಗ ಸೋರಿಕೆ ನಿಂತಿತೋ ಆ ದಾರಿಯಲ್ಲಿ ಕಳ್ಳಗಂಡಿ ಇದೆ.

ಬಿಸಿಎಂ ಏಕೆ ಕೆಡುತ್ತದೆ?

ಇಷ್ಟೆಲ್ಲ ಪರೀಕ್ಷೆ ಆದಮೇಲೆ ಉಳಿಯುವ ಪ್ರಶ್ನೆ ಸರಳ. ಬಿಸಿಎಂಗೆ ಸರಿಯಾದ ವೋಲ್ಟೇಜ್ ಬರುತ್ತಿದೆ, ಅರ್ಥ್ ಚೆನ್ನಾಗಿದೆ, ಸ್ವಿಚ್ಚಿನ ಸಂಕೇತವೂ ಒಳಗೆ ಹೋಗುತ್ತಿದೆ. ಆದರೂ ಹೊರಗೆ ಆಜ್ಞೆ ಬರುತ್ತಿಲ್ಲ. ಆಗ ಮಾತ್ರ ನೀರುಗಂಟಿ ತಪ್ಪಿತಸ್ಥ.

ಅದು ಕೆಡಲು ಕಾರಣಗಳಿವೆ. ಮುಂದಿನ ಗಾಜಿನ ರಬ್ಬರು ಒಣಗಿ ಸೀಳಿದ ಕಡೆಯಿಂದ ಮಳೆನೀರು ಇಳಿದು ಡ್ಯಾಶ್‌ಬೋರ್ಡಿನ ಹಿಂದೆ ಸೇರುವುದು ಒಂದು. ವರ್ಷಗಟ್ಟಲೆ ಬಿಸಿಲ ಕಾವು, ರಸ್ತೆಯ ಕುಲುಕಾಟಕ್ಕೆ ಒಳಗಿನ ಬೆಸುಗೆ ಕೂದಲೆಳೆಯಷ್ಟು ಬಿರಿಯುವುದು ಇನ್ನೊಂದು. ಬ್ಯಾಟರಿ ಜೋಡಿಸುವಾಗ ಪ್ಲಸ್ ಮೈನಸ್ ಅದಲುಬದಲಾಗುವುದು ಮತ್ತೊಂದು. ಪಿಕಪ್‌ಗಳಲ್ಲಿ ವಿಶೇಷವಾಗಿ ಆಗುವುದು ವೆಲ್ಡಿಂಗ್ ಅನಾಹುತ. ಹಿಂದಿನ ತೊಟ್ಟಿಗೆ ಕಂಬಿ ಏರಿಸುವಾಗ, ಬಾಗಿಲು ಬಲಪಡಿಸುವಾಗ ಬ್ಯಾಟರಿ ಬಿಚ್ಚದೆಯೇ ವೆಲ್ಡಿಂಗ್ ಮಾಡಿದರೆ ನೂರು ಆಂಪಿಯರ್ ಮಟ್ಟದ ಪ್ರವಾಹ ಗಾಡಿಯ ಮೈಯಲ್ಲೇ ಹರಿಯುತ್ತದೆ. ಮಿಲಿ ಆಂಪಿಯರುಗಳಲ್ಲಿ ಯೋಚಿಸುವ ಪೆಟ್ಟಿಗೆಗೆ ಅದು ಸಿಡಿಲು.

ಮತ್ತೊಂದು ನಾವೇ ತಂದುಕೊಳ್ಳುವ ಕಾಯಿಲೆ. 60/55 ವಾಟಿನ ಬಲ್ಬ್ ತೆಗೆದು 100/90 ವಾಟಿನದು ಹಾಕುವ ಚಾಳಿ. ಹೈ ಬೀಮಿನಲ್ಲಿ ಪ್ರವಾಹ ಬಲ್ಬಿಗೆ 5 ಆಂಪಿಯರಿನಿಂದ 8.3ಕ್ಕೆ ಏರುತ್ತದೆ. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ ವೈರಿನಲ್ಲಿ ಹುಟ್ಟುವ ಬಿಸಿ ಸುಮಾರು ಎರಡೂಮುಕ್ಕಾಲು ಪಟ್ಟು! ಫ್ಯೂಸ್ ಸುಟ್ಟರೆ ಅದಕ್ಕೆ ತಂತಿಯನ್ನೋ ಸಿಗರೇಟು ಪ್ಯಾಕಿನ ಹಾಳೆಯನ್ನೋ ಸುತ್ತುವುದು, ಬಿಸಿಎಂ ತಪ್ಪಿಸಿ ಬ್ಯಾಟರಿಯಿಂದ 'ಡೈರೆಕ್ಟ್' ಕೊಡುವುದು ಇದರ ಮುಂದಿನ ಹೆಜ್ಜೆ. ಫ್ಯೂಸು ತಾನು ಸತ್ತು ಗಾಡಿಯನ್ನು ಉಳಿಸುವ ಕಾವಲುಗಾರ. ಅದರ ಕೈ ಕಟ್ಟಿಹಾಕಿದರೆ ಸುಡುವ ಸರದಿ ವೈರಿನದು, ಆಮೇಲೆ ಗಾಡಿಯದು.

ಬದಲಿಸುವ ಕ್ರಮ

ಹೊಸ ಬಿಸಿಎಂ ತರುವಾಗ ಹಳೆಯದರ ಮೇಲಿನ ಭಾಗಸಂಖ್ಯೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಹೊರಗಿನ ಆಕಾರ ಒಂದೇ ಇದ್ದರೂ ಒಳಗಿನ ಲೆಕ್ಕಾಚಾರ ಬೇರೆ ಇರಬಹುದು. ಗುಜರಿಯಲ್ಲಿ ಸಿಕ್ಕದ್ದು ಅಗ್ಗವೇನೋ ಹೌದು. ಆದರೆ ಅದು ತನ್ನ ಹಿಂದಿನ ಗಾಡಿಯ ಚಾಸಿ ಸಂಖ್ಯೆಯನ್ನೂ ಕೀಲಿಯ ಗುರುತನ್ನೂ ನೆನಪಿಟ್ಟುಕೊಂಡಿರಬಹುದು. ಕೆಲವು ಮಾದರಿಗಳಲ್ಲಿ ಆ ನೆನಪನ್ನು ಅಳಿಸಲಾಗುವುದಿಲ್ಲ. ಎಲ್ಲಿಂದ ಕೊಂಡರೂ ರಸೀದಿ ಇರಲಿ. ಕದ್ದ ಗಾಡಿಯ ಭಾಗ ಮನೆಗೆ ಬರಬಾರದು.

ಬಿಚ್ಚುವ ಮೊದಲು ಹಳೆಯ ಪೆಟ್ಟಿಗೆಯಲ್ಲಿರುವ ಸಂಯೋಜನೆಯನ್ನು ಸ್ಕ್ಯಾನರಿನಿಂದ ಓದಿ ಉಳಿಸಿಕೊಳ್ಳಬೇಕು. ಕನೆಕ್ಟರುಗಳ ಫೋಟೊ ತೆಗೆದುಕೊಳ್ಳಬೇಕು. ನಂತರ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಬೇಕು, ಜೋಡಿಸುವಾಗ ಮೈನಸ್ ಕೊನೆಗೆ. ಏಕೆ? ಮೈನಸ್ ಗಾಡಿಯ ಮೈಗೆ ಸೇರಿರುವಾಗ ಪ್ಲಸ್ ಬಿಚ್ಚುವ ಸ್ಪ್ಯಾನರು ಮೈಗೆ ತಾಗಿದರೆ ನೇರ ಶಾರ್ಟ್ ಸರ್ಕ್ಯೂಟ್. ಮೈನಸ್ ಮೊದಲೇ ಬಿಚ್ಚಿದ್ದರೆ ತಾಗಿದರೂ ಮಂಡಲ ಪೂರ್ಣವಾಗದು. ವಿದ್ಯಾರ್ಥಿಗಳು ಚಿತ್ರ ಬರೆದು ನೋಡಿದರೆ ತಾವೇ ಕಂಡುಕೊಳ್ಳಬಹುದು.

ಕೆಲವು ನಿಮಿಷ ಬಿಟ್ಟು, ಗಾಡಿಯ ಬರಿ ಲೋಹವನ್ನೊಮ್ಮೆ ಮುಟ್ಟಿ, ಆಮೇಲೆ ಪೆಟ್ಟಿಗೆಗೆ ಕೈ ಹಾಕಬೇಕು. ಒಣ ಹವೆಯಲ್ಲಿ ಸೀಟಿಗೆ ಬಟ್ಟೆ ಉಜ್ಜಿ ಮೈಯಲ್ಲಿ ಸ್ಥಿರವಿದ್ಯುತ್ ತುಂಬಿರುತ್ತದೆ. ಬೆರಳ ತುದಿಯಲ್ಲಿ ಚುರ್ ಎಂದು ನಮಗೆ ತಿಳಿಯಲು ಸುಮಾರು 3000 ವೋಲ್ಟ್ ಬೇಕು. ಚಿಪ್ಪುಗಳು ಅದಕ್ಕಿಂತ ಬಹಳ ಕಡಿಮೆಗೇ ಸಾಯಬಲ್ಲವು, ನಮಗೆ ತಿಳಿಯದಂತೆ. ಕನೆಕ್ಟರನ್ನು ಲಾಕ್ ಬಿಡಿಸಿ ಹಿಡಿಯಿಂದ ಎಳೆಯಬೇಕೇ ಹೊರತು ವೈರು ಹಿಡಿದು ಜಗ್ಗಬಾರದು. ನೀರು ಬಂದ ದಾರಿ ಮುಚ್ಚದೆ, ಸುಟ್ಟ ವೈರು ಸರಿಪಡಿಸದೆ ಹೊಸದನ್ನು ಕೂರಿಸಿದರೆ ಹಳೆಯದರ ಗತಿಯೇ ಅದಕ್ಕೂ.

ಕೂರಿಸಿದರೆ ಕೆಲಸ ಮುಗಿಯಲಿಲ್ಲ. ಹೊಸ ನೀರುಗಂಟಿಗೆ ಊರಿನ ಪರಿಚಯ ಮಾಡಿಸಬೇಕಲ್ಲವೆ? ಯಾವ ಗದ್ದೆ ಯಾರದು, ಸರದಿ ಹೇಗೆ ಎಂದು ತಿಳಿಯದೆ ಅವನು ತೂಬು ಎತ್ತಲಾರ. ಹಾಗೆಯೇ ಹೊಸ ಬಿಸಿಎಂಗೆ ಇದು ಯಾವ ಮಾದರಿ, ಸೆಂಟ್ರಲ್ ಲಾಕ್ ಇದೆಯೇ, ಮಂಜಿನ ದೀಪ ಇದೆಯೇ ಎಂಬುದನ್ನೆಲ್ಲ ಸ್ಕ್ಯಾನರಿನ ಮೂಲಕ ತಿಳಿಸಬೇಕು. ಇದನ್ನು ಕೋಡಿಂಗ್ ಎನ್ನುತ್ತಾರೆ. ಕೀಲಿಯ ಗುರುತೂ ಅದರಲ್ಲಿದ್ದರೆ ಮನೆಯಲ್ಲಿರುವ ಎರಡೂ ಕೀಲಿ, ಗಾಡಿಯ ದಾಖಲೆ ಒಯ್ಯಬೇಕು. ಇಲ್ಲವಾದರೆ ಉಳಿದ ಕೀಲಿ ಬರೀ ಕಬ್ಬಿಣದ ತುಂಡಾಗಬಹುದು. ಕೋಡಿಂಗ್ ನಡೆಯುವಾಗ ಬ್ಯಾಟರಿಗೆ ಚಾರ್ಜರಿನ ಆಸರೆ ಇರಬೇಕು. ನಡುವೆ ವೋಲ್ಟೇಜ್ ಬಿದ್ದರೆ ಅರ್ಧ ಬರೆದ ನೆನಪಿನೊಂದಿಗೆ ಹೊಸ ಪೆಟ್ಟಿಗೆಯೇ ನಿಷ್ಪ್ರಯೋಜಕವಾದೀತು. ಕೊನೆಯಲ್ಲಿ ಪ್ರತಿಯೊಂದು ದೀಪ, ವೈಪರ್, ಹಾರನ್, ಬಾಗಿಲು ಪರೀಕ್ಷಿಸಿ ಬರೆದಿಡಬೇಕು.

ತಂದೆತಾಯಿಯರಿಗೆ ಒಂದು ಮಾತು

ಅಳೆಯದೆ ಬದಲಿಸುವ ಮೆಕ್ಯಾನಿಕ್‌ನನ್ನು ದೂರುವುದು ಸುಲಭ. ಆದರೆ ಸಂಜೆಯೊಳಗೆ ಗಾಡಿ ಬೇಕೆಂದು ಅವನ ತಲೆಯ ಮೇಲೆ ಕೂರುವವರು ನಾವೇ. ಅರ್ಧ ದಿನ ಹುಡುಕಿ ಒಂದು ಬೋಲ್ಟು ಉಜ್ಜಿ ಕೊಟ್ಟರೆ, "ಏನು ಹಾಕಿದೆ ಅಂತ ಇಷ್ಟು ಕೂಲಿ?" ಎಂದು ಕೇಳುವವರೂ ನಾವೇ. ಹುಡುಕಿದ ಬುದ್ಧಿಗೆ ಕೂಲಿ ಕೊಡದ ಊರಿನಲ್ಲಿ ಹೊಸ ಪೆಟ್ಟಿಗೆ ಮಾರುವುದೇ ಅವನಿಗೆ ಲಾಭ.

ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಮಾರಾಟವಾದ ಪಿಕಪ್‌ಗಳಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಇನ್ನೂ ಹೆಚ್ಚು. ಅವೂ ಒಂದು ದಿನ ಹಳೆಯವಾಗಿ ನಮ್ಮ ಹಳ್ಳಿಗಳಿಗೇ ಬರುತ್ತವೆ. ಅವುಗಳನ್ನು ಅಳೆದು ಸರಿಪಡಿಸುವ ಕೈಗಳು ಈಗ ಎಂಟನೆಯ, ಹತ್ತನೆಯ ತರಗತಿಯಲ್ಲಿ ಕುಳಿತಿವೆ. ಎಸ್ಸೆಸ್ಸೆಲ್ಸಿ ನಂತರ ಐಟಿಐಯಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎರಡು ವರ್ಷದ ತರಬೇತಿ. ಡಿಪ್ಲೊಮಾದಲ್ಲಿ ಆಟೊಮೊಬೈಲ್ ಮೂರು ವರ್ಷದ್ದು. "ಓದು ಹತ್ತದವರು ಗ್ಯಾರೇಜಿಗೆ" ಎಂಬ ಮಾತು ಕಾರ್ಬುರೇಟರಿನ ಕಾಲದಲ್ಲೂ ನಿಜವಾಗಿರಲಿಲ್ಲ. ಈಗಂತೂ ಓಮನ ನಿಯಮ ಅರ್ಥವಾಗದವನಿಗೆ ಗ್ಯಾರೇಜಿನಲ್ಲಿ ಕೆಲಸವಿಲ್ಲ. ಮಗಳು ಮೀಟರ್ ಹಿಡಿದು ಗಾಡಿಯ ಬಾನೆಟ್ ಎತ್ತುತ್ತೇನೆಂದರೂ ತಡೆಯಬೇಕಾದ ಕಾರಣವಿಲ್ಲ.

ಮಾಡಿ ನೋಡಿ

ಟಾರ್ಚಿನ ಎರಡು ಸೆಲ್ಲು, ಒಂದು ಸಣ್ಣ ಬಲ್ಬು (ಎಲ್‌ಇಡಿ ಅಲ್ಲ, ತಂತುವಿನದು), ವೈರು, ಒಂದು ಹೊಳೆಯುವ ಮೊಳೆ, ಒಂದು ತುಕ್ಕು ಹಿಡಿದ ಮೊಳೆ ತೆಗೆದುಕೊಳ್ಳಿ. ಮೊದಲು ಹೊಳೆಯುವ ಮೊಳೆಯನ್ನು ಮಂಡಲದ ನಡುವೆ ಸೇರಿಸಿ ಬಲ್ಬಿನ ಬೆಳಕು ನೋಡಿ. ಆಮೇಲೆ ಅದರ ಜಾಗದಲ್ಲಿ ತುಕ್ಕಿನ ಮೊಳೆ ಇಟ್ಟು, ವೈರನ್ನು ತುಕ್ಕಿನ ಮೇಲೆ ಮೆಲ್ಲಗೆ ತಾಗಿಸಿ. ಬೆಳಕು ಮಂಕಾಗುತ್ತದೆ ಅಥವಾ ಹೊತ್ತುವುದೇ ಇಲ್ಲ. ಶಾಲೆಯಲ್ಲಿ ಮಲ್ಟಿಮೀಟರ್ ಇದ್ದರೆ, ವೈರು ತಾಗಿರುವಾಗಲೇ ಮೊಳೆಯ ಎರಡು ಬದಿಯ ವಿಭವಾಂತರ ಅಳೆದು ಬರೆದುಕೊಳ್ಳಿ. ನಂತರ ತುಕ್ಕನ್ನು ಮರಳು ಕಾಗದದಿಂದ ಉಜ್ಜಿ ಮತ್ತೆ ಅಳೆಯಿರಿ. ಎರಡು ಅಂಕಿಗಳನ್ನು ಹೋಲಿಸಿ.

ಈ ಪ್ರಯೋಗ ಸೆಲ್ಲಿನಲ್ಲೇ ಇರಲಿ. ಗಾಡಿಯ ಬ್ಯಾಟರಿ 12 ವೋಲ್ಟಿನದಾದರೂ ಅದರ ಎರಡು ತುದಿ ತಾಗಿದರೆ ಸ್ಪ್ಯಾನರನ್ನೇ ಕೆಂಪಗೆ ಕಾಯಿಸುವಷ್ಟು ಪ್ರವಾಹ ಹರಿಯುತ್ತದೆ. ಅದನ್ನು ಬಲ್ಲವರ ಜೊತೆಯಲ್ಲಷ್ಟೇ ಮುಟ್ಟಬೇಕು. ಮನೆಯಲ್ಲಿ ಪಿಕಪ್ ಇದ್ದರೆ ಈ ಭಾನುವಾರ ತಂದೆಯವರನ್ನೋ ಅಣ್ಣನನ್ನೋ ಕರೆದು, ಬ್ಯಾಟರಿಯ ಮೈನಸ್ ವೈರು ಗಾಡಿಯ ಮೈಗೆ ಬಿಗಿದಿರುವ ಜಾಗ ಎಲ್ಲಿದೆ, ಅಲ್ಲಿ ತುಕ್ಕು ಎಷ್ಟಿದೆ ಎಂದು ಕೇಳಿ ನೋಡಿ.